ಮೊದಲು ಕೈ, ಆಮೇಲೆ ನಾಲಿಗೆ: ಚಿಕ್ಕ ಮಕ್ಕಳ ಆಹಾರ ಪಾಠಕ್ಕೊಂದು ಟಿಪ್ಪಣಿ

ಪ್ರಾಥಮಿಕ ತರಗತಿಯಲ್ಲಿ ಆಹಾರದ ಪಾಠ ಎಂದೊಡನೆ ನಮ್ಮ ಕೈ ಪೋಷಕಾಂಶಗಳ ಪಟ್ಟಿಯ ಕಡೆಗೆ ಹೋಗುತ್ತದೆ. ಪ್ರೋಟೀನ್, ವಿಟಮಿನ್, ಖನಿಜ ಎಂದು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ತಟ್ಟೆಯ ಅಂಚಿಗೆ ಸರಿಸಿದ ತರಕಾರಿ ಮಾತ್ರ ಅಲ್ಲೇ ಇರುತ್ತದೆ. ಈ ವಯಸ್ಸಿನ ಮಗುವಿಗೆ ಆಹಾರದ ಪರಿಚಯ ಕೈಯಿಂದ ಆಗಬೇಕು. ನಾಲಿಗೆಯ ಸರದಿ ಆಮೇಲೆ, ಪದಗಳದ್ದು ಇನ್ನೂ ಆಮೇಲೆ.

ಮಗುವಿನ ‘ಬೇಡ’ ಎಂಬ ಮಾತನ್ನು ಮೊದಲು ಅರ್ಥ ಮಾಡಿಕೊಳ್ಳೋಣ. ಹೊಸ ಆಹಾರ ಕಂಡರೆ ಹಿಂಜರಿಯುವುದು ಹಟವಲ್ಲ, ಎಳೆವಯಸ್ಸಿನ ಸಹಜ ಗುಣ. ಎರಡರಿಂದ ಆರು ವರ್ಷದ ನಡುವೆ ಅದು ಹೆಚ್ಚು. ಅದೇ ತರಕಾರಿಯನ್ನು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲ, ಬಲವಂತವಿಲ್ಲದೆ ಮುಂದಿಟ್ಟ ಮೇಲೆ ರುಚಿ ಹತ್ತುತ್ತದೆ. ಮೂರನೆಯ ಸಲಕ್ಕೇ ‘ಇವನಿಗೆ ಹಿಡಿಸುವುದಿಲ್ಲ’ ಎಂದು ತೀರ್ಮಾನಿಸುವುದು ನಮ್ಮ ಆತುರ. ‘ತರಕಾರಿ ತಿಂದರೆ ಸಿಹಿ ಕೊಡುತ್ತೇನೆ’ ಎಂಬ ಆಮಿಷ ಇನ್ನೂ ಕೆಟ್ಟದ್ದು: ತರಕಾರಿ ಶಿಕ್ಷೆ, ಸಿಹಿ ಬಹುಮಾನ ಎಂಬ ಪಾಠವನ್ನು ಮಗು ಚೆನ್ನಾಗಿ ಕಲಿತುಬಿಡುತ್ತದೆ. ‘ಒಳ್ಳೆಯ ಆಹಾರ, ಕೆಟ್ಟ ಆಹಾರ’ ಎಂಬ ಹಣೆಪಟ್ಟಿಯೂ ಬೇಡ. ಮನೆಯಲ್ಲಿ ಬೆಂದದ್ದನ್ನೇ ಮಗು ತರುತ್ತದೆ. ಅದು ಕೆಟ್ಟದ್ದೆಂದು ತರಗತಿಯಲ್ಲಿ ಕೇಳಿಸಿಕೊಂಡರೆ ಮರುದಿನ ಡಬ್ಬಿಯನ್ನು ಮುಚ್ಚಳದ ಮರೆಯಲ್ಲಿಟ್ಟುಕೊಂಡು ಉಣ್ಣುತ್ತದೆ. ‘ದಿನವೂ ತಿನ್ನುವಂಥದ್ದು, ಅಪರೂಪಕ್ಕೆ ತಿನ್ನುವಂಥದ್ದು’ ಎಂದರೆ ಸಾಕು.

ಈಗ ಬೀಜಕ್ಕೆ ಬರೋಣ. ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದ ಹೊಂದಿಸಿ, ಗಾಜಿಗೂ ಕಾಗದಕ್ಕೂ ನಡುವೆ ಹುರುಳಿಕಾಯಿ ಬೀಜ ಸಿಕ್ಕಿಸಿ. ತಳದಲ್ಲಿ ಬೆರಳಗಲ ನೀರಿರಲಿ. ಮಕ್ಕಳು ಪ್ರೀತಿಯಿಂದ ಬೀಜ ಮುಳುಗುವಷ್ಟು ನೀರು ಸುರಿಯುತ್ತಾರೆ. ಬೀಜವೂ ಉಸಿರಾಡುತ್ತದೆ, ಮುಳುಗಿದರೆ ಕೊಳೆಯುತ್ತದೆ. ಕೊಳೆತದ್ದನ್ನು ಎಸೆಯಬೇಡಿ, ಮೊಳೆತದ್ದರ ಪಕ್ಕದಲ್ಲಿಟ್ಟು ‘ಏಕೆ ಹೀಗಾಯಿತು?’ ಎಂದು ಕೇಳಿ. ಮೊದಲು ಬೀಜ ಉಬ್ಬುತ್ತದೆ, ಕೆಲವು ದಿನಗಳಲ್ಲಿ ಸಿಪ್ಪೆ ಬಿರಿದು ಬಿಳಿಯ ಬೇರು ಇಣುಕುತ್ತದೆ. ಬೇರು ಸ್ವಲ್ಪ ಉದ್ದವಾದಾಗ ಬೀಜವನ್ನು ತಲೆಕೆಳಗು ಮಾಡಿಡಿ. ಒಂದೆರಡು ದಿನಗಳಲ್ಲಿ ಬೇರಿನ ತುದಿ ಮತ್ತೆ ನೆಲದ ಕಡೆಗೆ ಬಾಗಿರುತ್ತದೆ. ಮುಖ್ಯವಾದದ್ದು ಇನ್ನೊಂದಿದೆ. ಸಸಿ ಮೇಲೆದ್ದಂತೆ ಬೀಜದ ಎರಡು ದಪ್ಪ ದಳಗಳು ದಿನದಿಂದ ದಿನಕ್ಕೆ ಸೊರಗುತ್ತವೆ. ಅದು ತಾಯಿಗಿಡ ಮರಿಗಿಡಕ್ಕೆ ಕಟ್ಟಿಕೊಟ್ಟ ಬುತ್ತಿ. ಕಾಳು ತಿನ್ನುವಾಗ ನಾವು ತಿನ್ನುವುದು ಆ ಬುತ್ತಿಯನ್ನೇ. ಪ್ರೋಟೀನ್ ಎಂಬ ಪದವನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಆದರೆ ಹಸಿ ಬೀಜ ಬಾಯಿಗೆ ಹೋಗಬಾರದು: ಅದು ಬೇಯಿಸಿಯೇ ತಿನ್ನಬೇಕಾದ ಕಾಳು, ಮೇಲಾಗಿ ಬಿತ್ತನೆ ಬೀಜಕ್ಕೆ ಔಷಧ ಸವರಿರಬಹುದು.

ಮಣ್ಣಿಗೆ ಇಳಿಯುವಾಗ ಮೂಲಂಗಿ ಸೂಕ್ತ. ಬೇಗ ಬೆಳೆಯುವ ತಳಿಗಳು 25–30 ದಿನಗಳಲ್ಲಿ ಕೈಗೆ ಬರುತ್ತವೆ, ಮಕ್ಕಳ ತಾಳ್ಮೆಗೆ ಅಷ್ಟು ಸರಿ. ತಳದಲ್ಲಿ ತೂತಿರುವ ಕುಂಡವಾದರೂ ಆದೀತು. ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ತಮ್ಮ ಶಾಲೆಗೆ ‘ಮಕ್ಕಳ ತೋಟ’ ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಮಗುವಿಗೊಂದು ಪುಟ್ಟ ಪಾತಿ, ಎಲ್ಲರಿಗೂ ಸೇರಿದ ಪಾತಿ, ಎರಡೂ ಬೇಕೆಂಬುದು ಅವರ ನಿಲುವು. ನನಗೂ ಅದು ಸರಿಯೆನಿಸುತ್ತದೆ. ‘ನನ್ನದು’ ಎನ್ನುವ ಗಿಡವಿದ್ದರೆ ಮಗು ಬೆಳಿಗ್ಗೆ ಬಂದೊಡನೆ ಅದನ್ನು ನೋಡಲು ಓಡುತ್ತದೆ. ಅದು ಒಣಗಿಹೋದರೆ ಸಮಾಧಾನಕ್ಕೆ ಎಲ್ಲರ ಪಾತಿ ಇರುತ್ತದೆ. ಕಿತ್ತದ್ದನ್ನು ತೊಳೆದು, ಕೈಯನ್ನೂ ಸೋಪಿನಿಂದ ತೊಳೆಸಿ, ಸಣ್ಣ ಬಿಲ್ಲೆಯಾಗಿ ಹೆಚ್ಚಿ ಕೊಡಿ. ಮೂಸಿ ನೋಡಿ ಕೆಳಗಿಟ್ಟರೂ ಪರಿಚಯದ ಲೆಕ್ಕದಲ್ಲಿ ಅದು ಒಂದು ಸಲವೇ. ಯಾರಿಗೆ ಯಾವುದರ ಅಲರ್ಜಿ ಇದೆ ಎಂದು ಪೋಷಕರನ್ನು ಮೊದಲೇ ಕೇಳಿರಿ.

ಪ್ರಮಾಣದ ವಿಷಯ ಶಿಕ್ಷಕರಿಗೆ ತಿಳಿದಿದ್ದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಂತೆ 6–9 ವರ್ಷದವರಿಗೆ ದಿನಕ್ಕೆ ಕನಿಷ್ಠ 350 ಗ್ರಾಂ, 10 ದಾಟಿದವರಿಗೆ 400 ಗ್ರಾಂ ಹಣ್ಣು ತರಕಾರಿ ಬೇಕು. ಮಗುವಿಗೆ ಗ್ರಾಂ ತಿಳಿಯದು, ಅದರ ಹಿಡಿಯ ಲೆಕ್ಕದಲ್ಲೇ ಹೇಳಿ.

ಬಿತ್ತುವ ದಿನವನ್ನು ರಜೆಯಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿ. ಕೊಯ್ಲಿನ ವಾರ ಶಾಲೆಗೆ ಬೀಗ ಬಿದ್ದಿದ್ದರೆ ತಿಂಗಳ ಶ್ರಮವೆಲ್ಲ ಒಣಗಿದ ಕುಂಡವಾಗಿ ಮಕ್ಕಳ ಕಣ್ಣಿಗೆ ಬೀಳುತ್ತದೆ.