ಮೈಲುತುತ್ತ ಹೊತ್ತ ಫಿಯೆಟ್ಟು

ಹಳೆಯ ಕಾರು ಕೊಳ್ಳುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡಿರಬೇಕು. ಹಾಸನದ ಟಿಂಕರ್ ಒಬ್ಬರು ನನಗೆ ಹೇಳಿಕೊಟ್ಟ ಮೊದಲ ಪಾಠ ಅದು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅವರು ಅಜ್ಜನ ಫಿಯೆಟ್ಟಿನ ಬಾನೆಟ್ ಮೇಲೆ ಇಟ್ಟರು, ಗಟ್ಟಿಯಾಗಿ ಕಚ್ಚಿಕೊಂಡಿತು. ಬಾಗಿಲ ಮೇಲೂ ಕಚ್ಚಿತು. ಹಿಂದಿನ ಮಡ್‌ಗಾರ್ಡಿಗೆ ಬಂದಾಗ ಮಾತ್ರ ಗೋಡೆಗೆ ಒರಗಿಸಿದ ಕೊಡೆಯಂತೆ ಸುಮ್ಮನೆ ಜಾರಿ ಬಿದ್ದಿತು. ಅಲ್ಲಿ ಬಣ್ಣವಿತ್ತು, ಹೊಳಪಿತ್ತು, ಕಬ್ಬಿಣವಿರಲಿಲ್ಲ. ಉಳಿಯಿಂದ ಒಂದೇಟು ಹಾಕಿದ್ದೇ ತಗ್ಗು ತುಂಬಲು ಮೆತ್ತಿದ್ದ ಬೆರಳು ದಪ್ಪದ ಪುಟ್ಟಿ ಹೆಂಟೆಯಾಗಿ ಕಳಚಿತು. ಅದರ ಬೆನ್ನಿಗೆ ಗುಲಾಬಿ ಹೂವಿನ ಚಿತ್ರವಿದ್ದ ಬಿಸ್ಕತ್ ಡಬ್ಬದ ತುಂಡೊಂದು ಅಂಟಿತ್ತು. ಯಾರ ಕೈಚಳಕವೋ! ಇಪ್ಪತ್ತು ವರ್ಷ ನಾವೆಲ್ಲ ಅದನ್ನೇ ಕಾರೆಂದು ನಂಬಿ ಒರೆಸಿದ್ದೆವು.

ಗಾಡಿ 1960ರ ದಶಕದ ಫಿಯೆಟ್ 1100. ಇಟಲಿಯವರ ಬಾಯಲ್ಲಿ ಅದು ‘ಮಿಲ್ಲೆಚೆಂತೊ’, ಅಂದರೆ ಸಾವಿರದ ನೂರು. ಎಂಜಿನ್ನಿನ ಲೆಕ್ಕ 1089 ಸಿಸಿ. 1953ರಲ್ಲಿ ಟ್ಯೂರಿನ್ನಿನ ಫಿಯೆಟ್ ಹೊರತಂದ ಈ ವಿನ್ಯಾಸವನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಊರೂರು ಸುತ್ತಿದ್ದು ಇದೇ ಕುಟುಂಬದ ಕಾರು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅಜ್ಜ ಇದನ್ನು ಓಡಿಸಿದ್ದಕ್ಕಿಂತ ಹೊರೆ ಹೇರಿದ್ದೇ ಹೆಚ್ಚು.

ಇಟಲಿಯ ಕಾರುಗಳಿಗೆ ತುಕ್ಕಿನ ಅಪಕೀರ್ತಿ ಹಳೆಯದು. ಲ್ಯಾಂಚಿಯಾ ಬೀಟಾ ಕಾರಿನ ಎಂಜಿನ್ ಹೊರುವ ಚೌಕಟ್ಟು ತುಕ್ಕು ತಿಂದು, 1980ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕಂಪನಿ ಮಾರಿದ ಕಾರುಗಳನ್ನೇ ಮರಳಿ ಕೊಳ್ಳಬೇಕಾಯಿತು. ರಷ್ಯಾದಲ್ಲಿ ಕಾರ್ಖಾನೆ ಕಟ್ಟಿಕೊಟ್ಟ ಫಿಯೆಟ್ಟಿಗೆ ಅಗ್ಗದ ರಷ್ಯನ್ ಉಕ್ಕು ಸಿಕ್ಕಿತು, ಅದರಿಂದಲೇ ಈ ಪಾಡು ಎಂಬ ಕಥೆಯೂ ಇದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಒಳ್ಳೆಯ ಉಕ್ಕೂ ನೀರು ನಿಲ್ಲುವ ಮೂಲೆಯಲ್ಲಿ ಕೊಳೆಯುತ್ತದೆ. ಅಜ್ಜನ ಗಾಡಿಯ ಮಟ್ಟಿಗಂತೂ ಅಪರಾಧಿ ರಷ್ಯಾದಲ್ಲಿರಲಿಲ್ಲ, ನಮ್ಮ ಗೊಬ್ಬರದ ಕೋಣೆಯಲ್ಲಿತ್ತು.

ಕನ್ನಡದಲ್ಲಿ ತಾಮ್ರಕ್ಕೆ ಹತ್ತುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟವರು ಲೋಹದ ಸ್ವಭಾವ ಬಲ್ಲವರೇ ಇರಬೇಕು. ತಾಮ್ರದ ಹಸಿರು ಪದರ ಮೈಗಂಟಿಕೊಂಡು ಒಳಗಿನ ಲೋಹವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕು ಹಾಗಲ್ಲ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆದ್ದರಿಂದ ಉಬ್ಬಿ, ಬಿರಿದು, ಹೊಪ್ಪಳೆಯಾಗಿ ಉದುರಿ, ಹೊಸ ಕಬ್ಬಿಣವನ್ನು ನೀರಿಗೂ ಗಾಳಿಗೂ ಒಡ್ಡುತ್ತದೆ. ಬಣ್ಣದಡಿಯಲ್ಲಿ ಏಳುವ ಗುಳ್ಳೆ ಈ ಉಬ್ಬುವಿಕೆಯೇ.

ನೀರು, ಗಾಳಿ ಎರಡೂ ಬೇಕು ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಗಾಳಿ ಹೆಚ್ಚು ಸಿಗುವಲ್ಲಿ ತುಕ್ಕು ಹೆಚ್ಚಾಗಬೇಕಲ್ಲವೇ? ಆಗುವುದು ತಿರುಗಾಮುರುಗಾ. ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಒಂದೇ ಒಂದು ಉಪ್ಪುನೀರಿನ ಹನಿಯಿಂದ ಇದನ್ನು ತೋರಿಸಿದರು. ಎಮರಿ ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಬಾನೆಟ್ಟಿನ ಮೂಲೆಯಲ್ಲಿ ನಾನೂ ಒಂದು ಹನಿ ಬಿಟ್ಟು, ಸ್ಟೂಲ್ ಹಾಕಿಕೊಂಡು ಕುಳಿತೆ. ಕಾಫಿ ಕುಡಿದು ಮುಗಿಸಿ, ಪೇಪರ್ ಓದಿ ನೋಡುವಷ್ಟರಲ್ಲಿ ಹನಿಯೊಳಗೆ ಕಂದು ಮೋಡದಂಥ ಉಂಗುರ ಮೂಡಿತ್ತು; ಹನಿಯ ಅಂಚಿನ ಕಬ್ಬಿಣ ಮಾತ್ರ ಫಳಫಳ ಹೊಳೆಯುತ್ತಿತ್ತು. ಅಂಚಿನಲ್ಲಿ ನೀರು ತೆಳ್ಳಗೆ, ಆಮ್ಲಜನಕ ಧಾರಾಳ. ನಡುವೆ ನೀರು ದಪ್ಪ, ಆಮ್ಲಜನಕಕ್ಕೆ ಬರ. ಆ ಬರದ ನಡುವಿನಲ್ಲಿ ಕಬ್ಬಿಣ ಕರಗುತ್ತದೆ. ಅದು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಲೋಹದೊಳಗಿಂದಲೇ ಅಂಚಿಗೆ ಹರಿದು ಅಲ್ಲಿನ ಆಮ್ಲಜನಕವನ್ನು ಸೇರುತ್ತವೆ. ಒಂದು ಹನಿ ನೀರು, ಒಂದು ಪುಟ್ಟ ಬ್ಯಾಟರಿ. ಗಾಳಿಯುಂಡ ಜಾಗ ಉಳಿಯುತ್ತದೆ, ಉಸಿರು ಕಟ್ಟಿದ ಜಾಗ ಸಾಯುತ್ತದೆ.

ಈ ಹನಿಯನ್ನು ನೋಡಿದ ಮೇಲೆ ಕಾರನ್ನು ನೋಡುವ ಕಣ್ಣೇ ಬದಲಾಯಿತು. ಮಳೆ ನೇರವಾಗಿ ಬಡಿಯುವ ಮಾಡು, ಬಾನೆಟ್ ಚೆನ್ನಾಗಿಯೇ ಇದ್ದವು. ಸತ್ತಿದ್ದೆಲ್ಲ ಸಂದುಗಳು: ಎರಡು ತಗಡು ಒಂದರ ಮೇಲೊಂದು ಕೂತ ಕಡೆ, ಕೆಸರು ಮೆತ್ತಿದ ಮಡ್‌ಗಾರ್ಡಿನ ಒಳಮೈ, ಬಾಗಿಲ ಕೆಳಗಿನ ಪೊಳ್ಳು ತೊಲೆ. ಈ ತೊಲೆಗೆ ಗ್ಯಾರೇಜಿನಲ್ಲಿ ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಬಾಗಿಲ ಗಾಜಿನ ಬದಿಯಿಂದ ಇಳಿಯುವ ನೀರು ಹೊರಹೋಗಲೆಂದು ಬಾಗಿಲ ತಳದಲ್ಲಿ ತೂತುಗಳಿರುತ್ತವೆ, ತೊಲೆಗೂ ಇರುತ್ತವೆ. ನಮ್ಮದರಲ್ಲಿ ಎಲ್ಲವೂ ಮುಚ್ಚಿಹೋಗಿದ್ದವು. ಸೈಕಲ್ಲಿನ ಕಡ್ಡಿ ತೂರಿಸಿ ಕೆದಕಿದಾಗ ಬಿದ್ದದ್ದು ಮಣ್ಣು, ಸಿಲ್ವರ್ ಓಕ್ ಎಲೆಯ ಚೂರು, ಮತ್ತು ಕಪ್ಪು ಪದರಗಳು. ಆ ಕಪ್ಪು ಪದರಗಳನ್ನು ಅಯಸ್ಕಾಂತ ಎಳೆದುಕೊಂಡಿತು! ಗಾಳಿ ಸಾಲದ ಕಡೆ ತುಕ್ಕು ಕೆಂಪಾಗದೆ ಕಪ್ಪು ಮ್ಯಾಗ್ನೆಟೈಟ್ ಆಗಿ ನಿಲ್ಲುವುದುಂಟು. ನಮ್ಮ ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೋಡಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ್ದು ಇದೇ ಅದಿರನ್ನು. ಕೆಂಪು ತುಕ್ಕಿನ ಸೋದರರಿಗೆ ಕೆಮ್ಮಣ್ಣುಗುಂಡಿ ಇದ್ದೇ ಇದೆ. ಭದ್ರಾವತಿಯ ಕುಲುಮೆಗೆ ಅದಿರು ಹೋದದ್ದು ಅಲ್ಲಿಂದ. ಇಡೀ ಜಿಲ್ಲೆಯ ಭೂಗರ್ಭವನ್ನು ಅಜ್ಜನ ಕಾರು ತನ್ನ ಎರಡು ತೊಲೆಗಳಲ್ಲಿ ತುಂಬಿಕೊಂಡಿತ್ತು.

ಅದರ ಮೇಲೆ ನಾವು ಮಾಡಿದ ಉಪಕಾರ ಬೇರೆ. ಅಜ್ಜ ಹೋದ ಮೇಲೆ ಗಾಡಿಗೆ ಮಳೆ ತಾಗದಿರಲೆಂದು ಪ್ಲಾಸ್ಟಿಕ್ ತಾಡಪಾಲು ಬಿಗಿದು ಶೆಡ್ಡಿನಲ್ಲಿ ನಿಲ್ಲಿಸಿದೆವು. ಗಾಳಿಯ ತೇವಾಂಶ ಶೇ 60ರ ಆಸುಪಾಸು ದಾಟಿದರೆ ಮಳೆಯೇ ಬೇಡ, ಉಕ್ಕಿನ ತುಕ್ಕು ಚುರುಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹಪ್ಪಳವೇ ಮೆತ್ತಗಾಗುವಾಗ ತಾಡಪಾಲಿನಡಿಯ ತೇವ ಎಲ್ಲಿಗೆ ಹೋದೀತು? ಬಯಲಲ್ಲಿ ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲವೇನೋ.

ಎಲ್ಲಕ್ಕಿಂತ ಸ್ವಾರಸ್ಯ ಇದ್ದದ್ದು ಡಿಕ್ಕಿಯಲ್ಲಿ. ಅಜ್ಜ ಅದರಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ಸಾಗಿಸುತ್ತಿದ್ದರು. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ತೇವಾಂಶ ಶೇ 84 ದಾಟಿದರೆ ಅದು ಗಾಳಿಯಿಂದಲೇ ನೀರು ಹೀರಿ ಕರಗಿ ಒದ್ದೆಯಾಗುತ್ತದೆ. ಚೀಲದಿಂದ ಸೋರಿದ ನಾಲ್ಕು ಹರಳು ಸಾಕು, ಡಿಕ್ಕಿಯ ಮೂಲೆಯಲ್ಲಿ ಮಳೆಗಾಲವಿಡೀ ಉಪ್ಪುನೀರು. ಕಡಲು ಘಟ್ಟದ ಕೆಳಗಿದ್ದರೂ ಗಾಡಿಗೆ ಕಡಲತೀರದ ತುಕ್ಕು ಹಿಡಿದದ್ದು ಹೀಗೆ. ಅದೂ ಸಾಲದೆಂಬಂತೆ ಮೈಲುತುತ್ತ. ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಕೊಳೆರೋಗಕ್ಕೆ ಹೊಡೆಯುತ್ತಿದ್ದ ತಾಮ್ರದ ಸಲ್ಫೇಟು. ಕಬ್ಬಿಣದ ಮೊಳೆಯನ್ನು ಮೈಲುತುತ್ತದ ನೀರಿಗೆ ಹಾಕಿದರೆ ಅದರ ಮೇಲೆ ಕೆಂಪಗೆ ತಾಮ್ರ ಕೂರುವುದನ್ನು ಶಾಲೆಯಲ್ಲಿ ನೋಡಿದ್ದೀರಲ್ಲ, ಡಿಕ್ಕಿಯಲ್ಲಿ ನಡೆದದ್ದೂ ಅದೇ. ಹಸಿರು ಕಲೆಯೊಂದನ್ನು ಎಮರಿಯಿಂದ ಉಜ್ಜಿದಾಗ ಅಡಿಯಲ್ಲಿ ತಾಮ್ರದ ಕೆಂಪು ಮಿಂಚಿತು. ಕೂತ ತಾಮ್ರ ಸುಮ್ಮನಿರುವುದಿಲ್ಲ. ತಾಮ್ರ, ಕಬ್ಬಿಣ, ನಡುವೆ ಉಪ್ಪುನೀರು ಸೇರಿದರೆ ವಿದ್ಯುತ್ ಹರಿಯುತ್ತದೆ. ಹರಿದಷ್ಟೂ ಕಬ್ಬಿಣ ಸವೆಯುತ್ತದೆ. ಎರಡು ಲೋಹಗಳ ಈ ಆಟವನ್ನು ಬೊಲೊನ್ಯಾದ ಗಾಲ್ವಾನಿ ಕಪ್ಪೆಯ ಕಾಲಿನಲ್ಲಿ ಕಂಡರು, ವೋಲ್ಟಾ 1800ರಲ್ಲಿ ಬಿಲ್ಲೆ ಪೇರಿಸಿ ಬ್ಯಾಟರಿ ಮಾಡಿದರು. ಇಟಲಿಯ ಗಾಡಿಯ ಡಿಕ್ಕಿಯಲ್ಲಿ ಇಟಲಿಯವರದೇ ಪ್ರಯೋಗವನ್ನು ಅಜ್ಜ ತಿಳಿಯದೆಯೇ ಮೂವತ್ತು ವರ್ಷ ನಡೆಸಿದ್ದರು.

ಇನ್ನು ರಿಪೇರಿ. ಈ ಕಾರಿಗೆ ಕೆಳಗೆ ಬೇರೆ ಚಾಸಿ ಇಲ್ಲ, ಮೈಯೇ ಮೂಳೆ. ತೊಲೆಯನ್ನು ಹಾಗೇ ಕತ್ತರಿಸಿದರೆ ಗಾಡಿ ನಡು ಮುರಿದ ಎತ್ತಿನಂತೆ ಕುಸಿಯುತ್ತದೆ, ಬಾಗಿಲು ಮುಂದೆಂದೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಬಾಗಿಲ ಚೌಕಟ್ಟಿಗೆ ಮೊದಲು ಅಡ್ಡಪೈಪು ಬೆಸೆದು, ಆಮೇಲೆ ಕತ್ತರಿ. ಹೊಸ ತಗಡು ಒಂದು ಮಿಲಿಮೀಟರಿಗೂ ತೆಳ್ಳಗೆ. ಒಂದು ಮೀಟರ್ ಉಕ್ಕು ನೂರು ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಒಂದೇ ಎಳೆತಕ್ಕೆ ವೆಲ್ಡ್ ಮಾಡಿದರೆ ತಗಡು ಹಪ್ಪಳದಂತೆ ಸೊಟ್ಟಗಾದೀತು. ಟಿಂಕರ್ ಇಲ್ಲೊಂದು ಚುಕ್ಕೆ, ಗೇಣು ದೂರದಲ್ಲಿ ಇನ್ನೊಂದು ಚುಕ್ಕೆ ಇಟ್ಟು, ಒದ್ದೆ ಬಟ್ಟೆ ಒತ್ತಿ, ಬೀಡಿ ಹಚ್ಚುತ್ತಿದ್ದರು. ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ, ಅದು ಉಷ್ಣಶಾಸ್ತ್ರ.

ಬಣ್ಣಕ್ಕೆ ಅವಸರ ಮಾಡಿದಾಗಲೂ ಬೈಸಿಕೊಂಡೆ. ‘ದೀಪಾವಳಿ ಕಳೆಯಲಿ’ ಎಂದರು. ಬಣ್ಣದ ಥಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂತು ಬಣ್ಣ ಬೂದಿ ಬಳಿದಂತೆ ಮಂಕಾಗುತ್ತದೆ. ಪುಟ್ಟಿಯೂ ತೇವ ಹೀರುತ್ತದೆ, ಬರಿಮೈಯಲ್ಲಿ ಬಿಡಬಾರದು. ಅಲ್ಲಿಯವರೆಗೆ ಗಾಡಿ ರೆಡ್ ಆಕ್ಸೈಡ್ ಬಳಿದುಕೊಂಡು ನಿಂತಿತ್ತು. ರೆಡ್ ಆಕ್ಸೈಡಿನ ಕೆಂಪು ಎಂದರೆ ಕಬ್ಬಿಣದ ಆಕ್ಸೈಡೇ. ತುಕ್ಕು ಕೆರೆದ ಜಾಗಕ್ಕೆ ತುಕ್ಕಿನ ಬಂಧುವನ್ನೇ ಎಣ್ಣೆಯಲ್ಲಿ ಅರೆದು ಬಳಿಯುವುದು! ಇನ್ನು ಬದಲಾಗಲು ಏನೂ ಉಳಿಯದ ಪುಡಿ ಅದು, ಹಾಗಾಗಿ ಸ್ಥಿರ.

ಆ ಬಿಡುವಿನಲ್ಲಿ ನಾನೊಂದು ಆಟ ಆಡಿದೆ. ಕೊಪ್ಪದ ನೆಂಟರ ಮನೆಯಿಂದ ಒಂದು ಬಾಟಲಿ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಗಟ್ಟಿ ನೀರು, ತಂದೆ. ಅಡಿಕೆ ಸುಲಿಯುವವರ ಕತ್ತಿ ಕಪ್ಪಾಗುವುದನ್ನು ಮಲೆನಾಡಿನವರೆಲ್ಲ ಬಲ್ಲರು. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಟ್ಯಾನೇಟ್ ಆಗುತ್ತದೆ; ಅಳಲೆಕಾಯಿಯ ಹಳೆಯ ಶಾಯಿಯ ಗುಟ್ಟೂ ಇದೇ. ಅಂಗಡಿಯ ತುಕ್ಕು ಪರಿವರ್ತಕ ಡಬ್ಬಗಳಲ್ಲಿ ಹಲವು ಇದೇ ಟ್ಯಾನಿಕ್ ಆಮ್ಲವನ್ನು ನೆಚ್ಚಿಕೊಂಡಿವೆ. ತಂತಿ ಬ್ರಷ್‌ನಿಂದ ಉಜ್ಜಿದ ಡಿಕ್ಕಿಯ ಮುಚ್ಚಳದ ಒಳಮೈಗೆ ಚೊಗರು ಸವರಿದೆ. ಮರುದಿನ ಬೆಳಿಗ್ಗೆ ಕೆಂಪು ಹೋಗಿ ಒಲೆಯ ಮೇಲಿನ ಹಂಚಿನಂತೆ ಕಪ್ಪಾಗಿತ್ತು. ಟಿಂಕರ್ ಬೆರಳಿನಿಂದ ಗೀರಿ ನೋಡಿ, ಮೂಸಿ, ಏನೂ ಹೇಳದೆ ಅದರ ಮೇಲೂ ಪ್ರೈಮರ್ ಹೊಡೆದರು. ಸರಿಯಾಗಿಯೇ ಮಾಡಿದರು. ಆ ಕಪ್ಪು ಪದರ ತೆಳು, ಅದೊಂದೇ ಮಳೆಗಾಲ ತಡೆಯದು. ಆಳದ ಕೊಳೆತಕ್ಕೆ ಕತ್ತರಿಯೇ ಮದ್ದು.

ಡಿಸೆಂಬರಿನಲ್ಲಿ ಬಣ್ಣವಾಯಿತು. ಮಾರ್ಚ್ ಕೊನೆಗೆ ತೋಟದಲ್ಲಿ ಹೂಮಳೆ ಬಿತ್ತು. ಕಾಫಿ ಗಿಡಗಳ ಕಡೆ ನೋಡಬೇಕಾದವನು ನಾನು ಟಾರ್ಚ್ ಹಿಡಿದು ಅಂಗಳದಲ್ಲಿ ಕಾರಿನಡಿ ಮೊಣಕಾಲೂರಿದ್ದೆ. ನಾಲ್ಕು ಬಾಗಿಲು. ಮೂರರ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕನೆಯದರಿಂದ ಇಲ್ಲ. ಸೈಕಲ್ಲಿನ ಕಡ್ಡಿ ತರಲು ಒಳಗೆ ಹೋದೆ.