ಕೀ ಸೆಕ್ಯೂರಿಟಿ ಹತ್ರ ಇದೆ, ಸಾರ್

ಇಪ್ಪತ್ತೆರಡು ವರ್ಷದಿಂದ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಬೆಂಕಿ ಸುರಕ್ಷತೆಯ ತಪಾಸಣೆ ಮಾಡಿಕೊಂಡು ಬಂದಿದ್ದೇನೆ. ಅಷ್ಟೂ ವರ್ಷ ಕೇಳಿದ ಮಾತು ಒಂದೇ. ಹಿಂಬದಿಯ ಬಾಗಿಲಿಗೆ ಬೀಗ ಯಾಕೆ ಅಂತ ಕೇಳಿದರೆ, "ಕೀ ಸೆಕ್ಯೂರಿಟಿ ಹತ್ರ ಇದೆ, ಸಾರ್." ಹೇಳುವವರ ಮುಖದಲ್ಲಿ ಒಂದಿಷ್ಟೂ ಅಳುಕಿರುವುದಿಲ್ಲ. ಕೀ ಇದೆಯಲ್ಲ, ಇನ್ನೇನು ಬೇಕು ಅನ್ನುವ ಧಾಟಿ.

ಒಂದು ಸಲ ಬೆಂಗಳೂರಿನ ಹೊರವಲಯದ ಒಂದು ಯೂನಿಟ್‌ನಲ್ಲಿ ವಾಚ್ ನೋಡಿಕೊಂಡು ಕೇಳಿದೆ, "ಹಾಗಾದ್ರೆ ತರಿಸಿ." ಸೆಕ್ಯೂರಿಟಿಯವರು ಟೀ ಕುಡಿಯಲು ಹೋಗಿದ್ದರು. ಅವರು ಬಂದರು. ಗೊಂಚಲಲ್ಲಿ ಹದಿನಾಲ್ಕು ಕೀ. ಬೀಗ ತೆಗೆಯುವಾಗ ಆರೂವರೆ ನಿಮಿಷ ಆಗಿತ್ತು. ಬಾಗಿಲ ಆಚೆ ರಟ್ಟಿನ ಪೆಟ್ಟಿಗೆಗಳ ರಾಶಿ ಇತ್ತು, ಅದು ಬೇರೆ ಕಥೆ.

ಹೊಸ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುವಾಗ ನಾನು ನ್ಯೂಯಾರ್ಕ್‌ನ ಟ್ರಯಾಂಗಲ್ ಕಾರ್ಖಾನೆಯ ಕಥೆ ಹೇಳುತ್ತೇನೆ. 1911ರ ಮಾರ್ಚ್ 25, ಶನಿವಾರ. ಎಲ್ಲರೂ ಬೇಜಾರು ಮಾಡಿಕೊಂಡು ಕೇಳುತ್ತಾರೆ. ಆಮೇಲೆ ತಪ್ಪದೆ ಒಬ್ಬರು ಹೇಳುತ್ತಾರೆ: "ಪಾಪ, ಆಗ ಕಾನೂನು ಇರಲಿಲ್ಲ ಅಲ್ವಾ ಸಾರ್? ಬೆಂಕಿ ಬಿದ್ದ ಮೇಲೆ ಕಾನೂನು ಬಂತು." ಕೀ ವಿಷಯಕ್ಕಿಂತ ಈ ಮಾತು ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. ಈ ಅಂಕಣ ಬರೆಯುತ್ತಿರುವುದೇ ಅದಕ್ಕೆ.

ಕಾನೂನು ಇತ್ತು. ಇನ್ನೊಮ್ಮೆ ಹೇಳುತ್ತೇನೆ, ಕಾನೂನು ಇತ್ತು. ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಕಾಯಿದೆಯ 80ನೇ ಸೆಕ್ಷನ್. ಕಾರ್ಖಾನೆಯ ಬಾಗಿಲುಗಳು ಸಾಧ್ಯವಿದ್ದ ಕಡೆ ಹೊರಕ್ಕೆ ತೆರೆಯುವಂತಿರಬೇಕು, ಕೆಲಸದ ವೇಳೆಯಲ್ಲಿ ಅವಕ್ಕೆ ಬೀಗ, ಅಗುಳಿ ಏನೂ ಹಾಕಿರಬಾರದು ಅಂತ ಅದರಲ್ಲಿ ಇತ್ತು. ನಮ್ಮವರು ಬೆಂಕಿಯ ನಂತರ ಬಂತು ಅಂದುಕೊಂಡಿರುವ ನಿಯಮ, ಬೆಂಕಿ ಬಿದ್ದ ದಿನವೇ ಪುಸ್ತಕದಲ್ಲಿ ಇತ್ತು.

ಗೊತ್ತಿಲ್ಲದವರಿಗೆ ಘಟನೆಯನ್ನು ಬೇಗ ಹೇಳಿಬಿಡುತ್ತೇನೆ. ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಹತ್ತಿರ ಆಶ್ ಬಿಲ್ಡಿಂಗ್ ಅಂತ ಹತ್ತು ಮಹಡಿಯ ಕಟ್ಟಡ. ಮೇಲಿನ ಮೂರು ಮಹಡಿ ಟ್ರಯಾಂಗಲ್ ಕಂಪನಿಯದು. ಆ ಕಾಲದಲ್ಲಿ ಹೆಂಗಸರಲ್ಲಿ ಜೋರಾಗಿ ನಡೆಯುತ್ತಿದ್ದ ಶರ್ಟ್‌ವೇಸ್ಟ್ ಅನ್ನುವ ಮೇಲಂಗಿಯನ್ನು ಅಲ್ಲಿ ಹೊಲಿಯುತ್ತಿದ್ದರು. ಸಂಜೆ ನಾಲ್ಕು ಮುಕ್ಕಾಲಿನ ಸುಮಾರಿಗೆ, ಇನ್ನೇನು ಕೆಲಸ ಬಿಡಬೇಕು ಅನ್ನುವಾಗ, 8ನೇ ಮಹಡಿಯ ಕಟಿಂಗ್ ಟೇಬಲ್ ಕೆಳಗಿನ ಚಿಂದಿ ಬಟ್ಟೆಯ ಪೆಟ್ಟಿಗೆಗೆ ಕಿಡಿ ತಗುಲಿತು. ತೆಳು ಹತ್ತಿ ಬಟ್ಟೆ, ಮೇಲೆ ತಂತಿಗೆ ನೇತುಹಾಕಿದ ಕಾಗದದ ಪ್ಯಾಟರ್ನ್‌ಗಳು. ಚಿಂದಿಯವನು ಕೊನೆಯ ಸಲ ಬಂದು ಹೊತ್ತೊಯ್ದದ್ದು ಜನವರಿಯಲ್ಲಿ. ಕಟಿಂಗ್ ಸೆಕ್ಷನ್ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮಾಲೀಕರ ಆಫೀಸಿದ್ದ 10ನೇ ಮಹಡಿಗೆ ಫೋನ್‌ನಲ್ಲಿ ಸುದ್ದಿ ಹೋಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ತಾರಸಿಗೆ ಹತ್ತಿ ಉಳಿದರು, ಪಕ್ಕದ ಕಟ್ಟಡದ ಕಾನೂನು ವಿದ್ಯಾರ್ಥಿಗಳು ಏಣಿ ಇಳಿಬಿಟ್ಟು ಅವರನ್ನು ಎಳೆದುಕೊಂಡರು. ನಡುವಿನ 9ನೇ ಮಹಡಿಗೆ ಯಾರೂ ಹೇಳಲಿಲ್ಲ. ಅಲ್ಲಿ 8 ಸಾಲು ಮೇಜು, 240 ಹೊಲಿಗೆ ಮೆಷಿನ್. ಸತ್ತವರು ಒಟ್ಟು 146. ಅದರಲ್ಲಿ 123 ಹೆಂಗಸರು, ಹುಡುಗಿಯರು. ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸೆ ಮನೆಗಳವರು. ಹದಿನಾಲ್ಕು ವರ್ಷದವರೂ ಇದ್ದರು. ಫೈರ್ ಬ್ರಿಗೇಡ್ ಬೇಗನೇ ಬಂತು. ಆದರೆ ಅವರ ಏಣಿ ಅಷ್ಟೆತ್ತರ ಮುಟ್ಟಲಿಲ್ಲ.

ಈಗ ಬಾಗಿಲಿಗೆ ಬರೋಣ. 9ನೇ ಮಹಡಿಗೆ ಎರಡು ಮೆಟ್ಟಿಲ ದಾರಿ, ಒಂದು ಗ್ರೀನ್ ಸ್ಟ್ರೀಟ್ ಕಡೆ, ಇನ್ನೊಂದು ವಾಷಿಂಗ್ಟನ್ ಪ್ಲೇಸ್ ಕಡೆ. ಕೆಲಸ ಬಿಟ್ಟು ಹೋಗುವಾಗ ಎಲ್ಲರೂ ಗ್ರೀನ್ ಸ್ಟ್ರೀಟ್ ಕಡೆಯಿಂದಲೇ ಹೋಗಬೇಕು. ಅಲ್ಲಿ ಒಬ್ಬ ಕಾವಲುಗಾರ ಪ್ರತಿ ಹುಡುಗಿಯ ಕೈಚೀಲ ತೆರೆದು ನೋಡುತ್ತಿದ್ದ. ಎರಡೂ ಬಾಗಿಲು ತೆರೆದಿದ್ದರೆ ಇಬ್ಬರು ಕಾವಲುಗಾರರು ಬೇಕು. ಆದ್ದರಿಂದ ವಾಷಿಂಗ್ಟನ್ ಪ್ಲೇಸ್ ಬಾಗಿಲಿಗೆ ಬೀಗ. ಆ ದಿನ ಗ್ರೀನ್ ಸ್ಟ್ರೀಟ್ ಕಡೆ ಬೆಂಕಿ ಹತ್ತಿಕೊಂಡಿತು. ಉಳಿದದ್ದು ಲಿಫ್ಟು ಮತ್ತು ಹೊರಗಿನ ಕಬ್ಬಿಣದ ಏಣಿ. ಲಿಫ್ಟ್ ನಡೆಸುತ್ತಿದ್ದ ಇಬ್ಬರು ಹೊಗೆಯಲ್ಲೇ ಮತ್ತೆ ಮತ್ತೆ ಮೇಲೆ ಹೋಗಿ ಬಂದರು. ಅವರಿಂದ ಬದುಕಿದವರು ಬಹಳ ಮಂದಿ. ಏಣಿ ಭಾರ ತಾಳದೆ ಮುರಿದು ಬಿತ್ತು.

ಕಳ್ಳತನ ಎಷ್ಟಾಗುತ್ತಿತ್ತು? ಇದನ್ನು ನಾನು ತರಬೇತಿಯಲ್ಲಿ ನಿಧಾನವಾಗಿ ಹೇಳುತ್ತೇನೆ. ಮಾಲೀಕರಲ್ಲಿ ಒಬ್ಬರಾದ ಐಸಾಕ್ ಹ್ಯಾರಿಸ್ ಅವರನ್ನು ಕೋರ್ಟಿನಲ್ಲಿ ಇದನ್ನೇ ಕೇಳಿದರು. ಕದ್ದ ಮಾಲು ಒಟ್ಟು 25 ಡಾಲರ್ ದಾಟುವುದಿಲ್ಲ ಅಂತ ಅವರೇ ಒಪ್ಪಿಕೊಂಡರು. ಇಪ್ಪತ್ತೈದು ಡಾಲರ್!

ಒಂದು ಸಲ ರಾಮನಗರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಚೆಕಿಂಗ್ ಹೆಂಗಸನ್ನು "ಈ ಬೀಗ ಯಾಕಮ್ಮ?" ಅಂತ ಕೇಳಿದ್ದೆ. "ನಾವೆಲ್ಲ ಕಳ್ಳರು ಅಲ್ವಾ ಸಾರ್, ಅದಕ್ಕೆ" ಅಂದು ನಕ್ಕು ಪೀಸ್ ಮಡಚತೊಡಗಿದರು. ಬೀಗದ ಬಗ್ಗೆ ಇದಕ್ಕಿಂತ ಸರಿಯಾದ ವರದಿಯನ್ನು ನಾನು ಇವತ್ತಿನವರೆಗೆ ಬರೆದಿಲ್ಲ.

ನಮ್ಮ ಕಸುಬಿನವರೂ ಈ ಕಥೆಯಲ್ಲಿ ಇದ್ದಾರೆ. 1909ರಲ್ಲಿ ಮೆಕ್‌ಕಿಯೋನ್ ಎಂಬ ತಜ್ಞರು ಈ ಕಾರ್ಖಾನೆಯನ್ನು ಪರೀಕ್ಷಿಸಿದ್ದರು. ವಾಷಿಂಗ್ಟನ್ ಪ್ಲೇಸ್ ಬಾಗಿಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ ಅನ್ನುವುದು ಅವರ ಕಣ್ಣಿಗೂ ಬಿದ್ದಿತ್ತು. ಫೈರ್ ಡ್ರಿಲ್ ಮಾಡಿಸಿ ಅಂತ ಸಲಹೆ ಕೊಟ್ಟು, ಪೋರ್ಟರ್ ಎಂಬ ಎಂಜಿನಿಯರರ ಹೆಸರು ಸೂಚಿಸಿದರು. ಪೋರ್ಟರ್ ಕಂಪನಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಬಿಲ್ ಬಾಕಿ ಇದ್ದರೂ ಪರವಾಗಿಲ್ಲ, ವರದಿ ಓದಿ ಸ್ವಾಮಿ ಅನ್ನಿಸುತ್ತದೆ ನಮಗೆ.

ಸರಿ, ಕಾನೂನು ಇತ್ತು, ಬೀಗವೂ ಇತ್ತು. ಎರಡೂ ಒಟ್ಟಿಗೆ ಹೇಗೆ ಇದ್ದವು? ಕಾನೂನಿನ ಮಾತನ್ನೇ ಸ್ವಲ್ಪ ನೋಡಿ. ಬಾಗಿಲು ಹೊರಕ್ಕೆ ತೆರೆಯಬೇಕು, "ಸಾಧ್ಯವಿದ್ದ ಕಡೆ". ಆಶ್ ಬಿಲ್ಡಿಂಗಿನ ಮೆಟ್ಟಿಲ ಅಗಲ ಮೂರಡಿಯೂ ಇರಲಿಲ್ಲ, 33 ಇಂಚು. ಬಾಗಿಲು ದಾಟಿದ ಕೂಡಲೇ ಮೆಟ್ಟಿಲು. ಹೊರಕ್ಕೆ ತೆರೆಯಲು ಜಾಗ ಇಲ್ಲ, ಆದ್ದರಿಂದ "ಸಾಧ್ಯವಿಲ್ಲ". ಮುಗಿಯಿತು, ಬಾಗಿಲು ಒಳಕ್ಕೇ ತೆರೆಯಿತು. 8ನೇ ಮಹಡಿಯಲ್ಲಿ ಅದೇ ಬದಿಯ ಬಾಗಿಲನ್ನು ತೆರೆಯಲು ಮೆಷಿನ್ ಮೆಕ್ಯಾನಿಕ್ ಲೂಯಿ ಬ್ರೌನ್ ಹೆಣಗಾಡಬೇಕಾಯಿತು. ಹೆದರಿದ ಹುಡುಗಿಯರು ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರು, ಬಾಗಿಲನ್ನು ಅವರ ಕಡೆಗೇ ಎಳೆಯಬೇಕಿತ್ತು.

ಮೆಟ್ಟಿಲ ಲೆಕ್ಕವೂ ಹಾಗೆಯೇ. ಅಷ್ಟು ದೊಡ್ಡ ಫ್ಲೋರಿಗೆ ಮೂರು ಮೆಟ್ಟಿಲ ದಾರಿ ಬೇಕು ಅಂತ ಕಟ್ಟುವಾಗಲೇ ಪ್ರಶ್ನೆ ಎದ್ದಿತ್ತು. ಹೊರಗಿನ ಕಬ್ಬಿಣದ ಏಣಿಯನ್ನೇ ಮೂರನೆಯದು ಅಂತ ಲೆಕ್ಕ ಹಿಡಿಯಿರಿ ಅಂದರು ವಾಸ್ತುಶಿಲ್ಪಿ. ಇಲಾಖೆ ಒಪ್ಪಿತು. ಮುರಿದು ಬಿದ್ದದ್ದು ಅದೇ ಏಣಿ. ಅಂದಹಾಗೆ ಕಟ್ಟಡ ಮಾತ್ರ ನಿಜಕ್ಕೂ ಬೆಂಕಿ ತಾಳುವಂಥದ್ದು. ಈಗಲೂ ಗಟ್ಟಿಯಾಗಿ ನಿಂತಿದೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ತರಗತಿಗಳು ಅದರಲ್ಲಿ ನಡೆಯುತ್ತವೆ. "ನಮ್ದು ಆರ್‌ಸಿಸಿ ಬಿಲ್ಡಿಂಗ್ ಸಾರ್" ಅನ್ನುವವರಿಗೆ ಇದನ್ನು ಹೇಳಿದರೆ ಒಂದು ನಿಮಿಷ ಸುಮ್ಮನಾಗುತ್ತಾರೆ.

ಇನ್ನು ಕೋರ್ಟು. ನಾನು ವಕೀಲನಲ್ಲ, ಆದ್ದರಿಂದ ದಾಖಲೆಯಲ್ಲಿ ಇರುವಷ್ಟೇ ಹೇಳುತ್ತೇನೆ. ಮಾಲೀಕರಾದ ಮ್ಯಾಕ್ಸ್ ಬ್ಲ್ಯಾಂಕ್ ಮತ್ತು ಹ್ಯಾರಿಸ್ ಮೇಲೆ 1911ರ ಡಿಸೆಂಬರಿನಲ್ಲಿ ವಿಚಾರಣೆ ನಡೆಯಿತು. ಅವಶೇಷದಲ್ಲಿ ಸಿಕ್ಕ ಸುಟ್ಟ ಬೀಗವನ್ನು ತಂದು ತೋರಿಸಿದರು. ಅದರ ನಾಲಿಗೆ ಹೊರಕ್ಕೆ ಚಾಚಿಕೊಂಡೇ ಇತ್ತು. ಆದರೆ ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದು ಇಷ್ಟು: ಬಾಗಿಲಿಗೆ ಬೀಗ ಇತ್ತು ಅನ್ನುವುದು ಸಾಲದು. ಆ ಹೊತ್ತಿನಲ್ಲಿ ಬೀಗ ಹಾಕಿತ್ತು ಅಂತ ಈ ಇಬ್ಬರಿಗೆ ಗೊತ್ತಿತ್ತು ಅನ್ನುವುದೂ ಸಾಬೀತಾಗಬೇಕು. ಎರಡು ಗಂಟೆಯೊಳಗೆ ಜ್ಯೂರಿ ತೀರ್ಪು ಕೊಟ್ಟಿತು. ಇಬ್ಬರೂ ನಿರ್ದೋಷಿಗಳು.

"ನನಗೆ ಗೊತ್ತಿರಲಿಲ್ಲ." ನಮ್ಮ ಮ್ಯಾನೇಜರ್‌ಗಳಿಗೆ ಅರ್ಥವಾಗದ ಭಾಗ ಇದು. ಬೀಗ ಹಾಕಬಾರದು ಅಂತ ಬರೆಯುವುದು ಸುಲಭ. ಹಾಕಿದ್ದನ್ನು ನೋಡುವವರು ಯಾರು, ಎಷ್ಟು ಸಲ ನೋಡುತ್ತಾರೆ, ಸಿಕ್ಕಿಬಿದ್ದರೆ ಏನಾಗುತ್ತದೆ, ಹೊಣೆ ಯಾರ ತಲೆಗೆ, ಇಷ್ಟೂ ಖಾಲಿ ಬಿಟ್ಟಿದ್ದರೆ ಆ ವಾಕ್ಯ ಗೋಡೆಯ ಮೇಲಿನ ಕ್ಯಾಲೆಂಡರ್ ಇದ್ದ ಹಾಗೆ. 1911ರ ನಂತರ ನ್ಯೂಯಾರ್ಕಿನಲ್ಲಿ ಆದ ಸುಧಾರಣೆ ಈ ಖಾಲಿ ಜಾಗ ತುಂಬುವ ಕೆಲಸ. ಒಂದೇ ದಿನದಲ್ಲಿ ಆಗಲಿಲ್ಲ, ವರ್ಷಗಟ್ಟಲೆ ಹಿಡಿಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೀಗ ತೆಗೆದಿದ್ದರೆ ಎಲ್ಲರೂ ಬದುಕುತ್ತಿದ್ದರು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಇಕ್ಕಟ್ಟು ಮೆಟ್ಟಿಲು, ಒಳಕ್ಕೆ ತೆರೆಯುವ ಬಾಗಿಲು, ಡ್ರಿಲ್ ಇಲ್ಲ, ಬೆಂಕಿ ಬಿದ್ದಾಗ ಸೂರಿನಿಂದ ತಾನಾಗೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇಲ್ಲ. ಬಹಳ ಮಂದಿ ಬದುಕಬಹುದಿತ್ತು, ಅಷ್ಟೇ. ಕ್ಲೈಂಟ್‌ಗಳು "ಬೀಗ ತೆಗೆದ್ವಲ್ಲ, ಈಗ ಸೇಫಾ?" ಅಂತ ಕೇಳಿದಾಗಲೂ ಇದೇ ಉತ್ತರ.

1911ರ ಜೂನಿನಲ್ಲಿ ರಾಜ್ಯ ಶಾಸನಸಭೆ ಕಾರ್ಖಾನೆಗಳ ತನಿಖಾ ಆಯೋಗ ರಚಿಸಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಟ್ಯಾಮನಿ ಹಾಲ್ ಅನ್ನುವ, ನ್ಯೂಯಾರ್ಕ್ ನಗರದ ರಾಜಕೀಯ ಕೂಟದವರು. ಓಟು ಎಣಿಸುವುದರಲ್ಲಿ ಪಳಗಿದವರು, ಸುಧಾರಕರು ಮೂಗು ಮುರಿಯುತ್ತಿದ್ದ ಗುಂಪು. ಇವರನ್ನು ಕಾರ್ಖಾನೆಯಿಂದ ಕಾರ್ಖಾನೆಗೆ ಕರೆದುಕೊಂಡು ಹೋದವರು ಫ್ರಾನ್ಸಿಸ್ ಪರ್ಕಿನ್ಸ್, ಕಾರ್ಮಿಕರ ಪರ ಕೆಲಸ ಮಾಡುತ್ತಿದ್ದ ಹೆಂಗಸು. ಬೆಂಕಿಯ ದಿನ ಅವರು ಹತ್ತಿರದ ಮನೆಯೊಂದರಲ್ಲಿ ಟೀಗೆ ಬಂದಿದ್ದರು. ಗದ್ದಲ ಕೇಳಿ ಓಡಿಬಂದು, ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ನೋಡಿದ್ದರು.

ಪರ್ಕಿನ್ಸ್ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟ. ಒಂದು ಕಾರ್ಖಾನೆಯಲ್ಲಿ "ಬೆಂಕಿ ದಾರಿ" ಅಂತ ಬರೆದಿದ್ದ ಕಡೆ ಗೋಡೆಯಲ್ಲಿ ಒಂದು ಸಣ್ಣ ಕಂಡಿ ಇತ್ತು. ಆಚೆ ಹಿಮ ಕಟ್ಟಿದ ಕಬ್ಬಿಣದ ಏಣಿ, ಅದೂ ನೆಲದವರೆಗೆ ಮುಟ್ಟುತ್ತಿರಲಿಲ್ಲ. ವ್ಯಾಗ್ನರ್ ಅವರನ್ನೇ ಆ ಕಂಡಿಯಲ್ಲಿ ತೂರಿಸಿದರು! ಆಲ್ ಸ್ಮಿತ್ ಅವರನ್ನು ಬೆಳಗಿನ ಜಾವ ಎಬ್ಬಿಸಿ, ಹಗ್ಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸರನ್ನು ತೋರಿಸಿದರು. ನೂರು ಪುಟದ ವರದಿ ಬರೆದು ಕಳಿಸುವ ನಮ್ಮಂಥವರು ಕಲಿಯಬೇಕು. ನಾನೂ ಒಮ್ಮೆ ಒಬ್ಬ ಡೈರೆಕ್ಟರರನ್ನು ಅವರದೇ ಎಕ್ಸಿಟ್‌ನಲ್ಲಿ ಇಳಿಸಿದೆ. ಅರ್ಧದಲ್ಲಿ ಕೋಟು ಸಿಕ್ಕಿಹಾಕಿಕೊಂಡಿತು. ಮುಂದಿನ ವಾರ ಮೆಟ್ಟಿಲು ಖಾಲಿ.

ಮೊದಲ ವರ್ಷವೇ ಆಯೋಗ 1,800ಕ್ಕೂ ಹೆಚ್ಚು ಕಡೆ ಪರಿಶೀಲಿಸಿತು. ಆಗ ಗೊತ್ತಾದದ್ದು, ಎಷ್ಟೋ ಕಾರ್ಖಾನೆ ಇವೆ ಅನ್ನುವುದೇ ಕಾರ್ಮಿಕ ಇಲಾಖೆಗೆ ತಿಳಿದಿರಲಿಲ್ಲ. ಆದ್ದರಿಂದ ಮೊದಲು ಬಂದ ನಿಯಮಗಳಲ್ಲಿ ಒಂದು ಬರೀ ನೋಂದಣಿ. ಕೇಳಲು ಸಪ್ಪೆ, ಅಲ್ವಾ? ಆದರೆ ವಿಳಾಸವೇ ಗೊತ್ತಿಲ್ಲದ ಬಾಗಿಲ ಬೀಗವನ್ನು ಯಾರು ನೋಡುತ್ತಾರೆ? ಆಮೇಲೆ ಇನ್ಸ್‌ಪೆಕ್ಟರ್‌ಗಳ ಸಂಖ್ಯೆ ಹೆಚ್ಚಿತು. ಫೈರ್ ಡ್ರಿಲ್, ಎತ್ತರದ ಕಾರ್ಖಾನೆಗೆ ಸ್ಪ್ರಿಂಕ್ಲರ್, ದಿನದ ಚಿಂದಿ ತೆಗೆಯುವುದು, ಸಿಗರೇಟಿಗೆ ನಿಷೇಧ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇನ್ನೊಂದು: ಒಂದು ಫ್ಲೋರಿನಲ್ಲಿ ಎಷ್ಟು ಜನ ಇರಬಹುದು ಅನ್ನುವುದನ್ನು ಹೊರಹೋಗುವ ದಾರಿಯ ಅಗಲಕ್ಕೆ ಕಟ್ಟಿಹಾಕಿದರು. ಇನ್ನೊಂದು ಲೈನ್ ಹಾಕಬೇಕಾದರೆ ಮೊದಲು ಮೆಟ್ಟಿಲು ನೋಡು. ಕೆಲವೇ ವರ್ಷದಲ್ಲಿ 30ಕ್ಕೂ ಹೆಚ್ಚು ಕಾನೂನು ಬಂದವು. ಪರ್ಕಿನ್ಸ್ 1933ರಲ್ಲಿ ಇಡೀ ದೇಶದ ಕಾರ್ಮಿಕ ಸಚಿವೆಯಾದರು, ಅಮೆರಿಕದ ಸಂಪುಟದಲ್ಲಿ ಕೂತ ಮೊದಲ ಹೆಂಗಸು.

ಎಲ್ಲವೂ ನೆಟ್ಟಗಾಯಿತು ಅಂದುಕೊಳ್ಳಬೇಡಿ. 1912ರಲ್ಲಿ ಹೆಂಗಸರಿಗೆ ವಾರಕ್ಕೆ 54 ಗಂಟೆ ಅನ್ನುವ ಮಸೂದೆ ಬಂದಾಗ ಹಣ್ಣು ತರಕಾರಿ ಡಬ್ಬಿ ತುಂಬುವ ಕಾರ್ಖಾನೆಗಳ ಹೆಂಗಸರನ್ನು ಹೊರಗಿಟ್ಟರು. ಪರ್ಕಿನ್ಸ್ ಒಪ್ಪಿಕೊಂಡರು. ಒಪ್ಪದೆ ಹೋದರೆ ಆ ವರ್ಷ ಏನೂ ಸಿಗುವುದಿಲ್ಲ ಅಂತ ಅವರಿಗೆ ಕಂಡಿತು. ತಪ್ಪೋ ಸರಿಯೋ, ನಾನು ಹೇಳಲಾರೆ. ತಪಾಸಣೆಗೆ ಹೋದ ಕಡೆ ನಾನೂ ಇಂಥ ರಾಜಿ ಮಾಡಿಕೊಂಡಿದ್ದೇನೆ, ಕೆಲವು ರಾತ್ರಿ ನಿದ್ದೆ ಕೆಟ್ಟಿದೆ.

ಮತ್ತೆ ಆ ಮ್ಯಾಕ್ಸ್ ಬ್ಲ್ಯಾಂಕ್. 1913ರಲ್ಲಿ, ಬೆಂಕಿಯಾಗಿ ಎರಡು ವರ್ಷಕ್ಕೆ, ಹೊಸ ಕಾರ್ಖಾನೆಯಲ್ಲಿ ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದರು. ದಂಡ 20 ಡಾಲರ್. ಮುಂದಿನ ವರ್ಷ ಸತ್ತವರ ಕುಟುಂಬಗಳ ಸಿವಿಲ್ ದಾವೆ ಇತ್ಯರ್ಥವಾಯಿತು, ಒಂದು ಜೀವಕ್ಕೆ 75 ಡಾಲರ್.

ಹೋದ ತಿಂಗಳು ಒಬ್ಬ ಹಳೆಯ ಕ್ಲೈಂಟ್ ಫೋನ್ ಮಾಡಿದ್ದರು. ಒಳ್ಳೆಯ ಮನುಷ್ಯ, ಹಬ್ಬಕ್ಕೆ ತಪ್ಪದೆ ಸಿಹಿ ಕಳಿಸುವವರು. ಟ್ರಯಾಂಗಲ್ ಕಥೆಯನ್ನು ನನ್ನಿಂದ ಮೂರು ಸಲ ಕೇಳಿದ್ದಾರೆ. "ಸಾರ್, ಈ ಸಲ ಯಾವ ದಿನ ಬರ್ತೀರಾ ಅಂತ ಮುಂಚೆ ಹೇಳಿಬಿಡಿ. ಅವತ್ತು ಎಲ್ಲ ಬಾಗಿಲೂ ತೆಗೆಸಿ ಇಟ್ಟಿರ್ತೀನಿ" ಅಂದರು.

ನಾನು ದಿನ ಹೇಳಿಲ್ಲ.