ಎಪ್ಪತ್ತಮೂರರಲ್ಲಿ ಹೊಸ ಹುಟ್ಟು

ಐರ್ಲೆಂಡಿನ ರಿಚರ್ಡ್ ಮಾರ್ಗನ್ ಬೇಕರಿಯಲ್ಲಿ ದುಡಿದವರು, ಬ್ಯಾಟರಿ ಕಾರ್ಖಾನೆಯಲ್ಲೂ ದುಡಿದವರು. 73 ತುಂಬುವವರೆಗೆ ವ್ಯಾಯಾಮ ಅಂತ ಬೇರೆಯಾಗಿ ಏನೂ ಮಾಡಿರಲಿಲ್ಲ. ಮಂಡಿಯೂ ಅಷ್ಟಕ್ಕಷ್ಟೇ. ಮೊಮ್ಮಗನೊಬ್ಬ ಕಾಲೇಜು ತಂಡದಲ್ಲಿ ದೋಣಿ ಹುಟ್ಟು ಹಾಕುತ್ತಿದ್ದ. ಅವನ ಅಭ್ಯಾಸ ನೋಡಲು ಹೋದಾಗ ಕೋಚ್, ನೀವೂ ಒಂದು ಸಲ ಈ ಮೆಷಿನ್ ಎಳೆದು ನೋಡಿ ಅಂದರು. ಎಳೆದರು. ಆಮೇಲೆ ಬಿಡಲೇ ಇಲ್ಲ. ತಮ್ಮ ವಯಸ್ಸಿನವರ ವಿಭಾಗದಲ್ಲಿ ನಾಲ್ಕು ಸಲ ಒಳಾಂಗಣ ರೋಯಿಂಗ್‌ನ ವಿಶ್ವ ಚಾಂಪಿಯನ್ ಆದರು.

ರೋಯಿಂಗ್ ಮೆಷಿನ್ ಅಂದರೆ ನೀರಿಲ್ಲದ ದೋಣಿ. ನಮ್ಮ ಜಿಮ್‌ಗಳಲ್ಲೂ ಇರುತ್ತದೆ. ಮೂಲೆಯಲ್ಲಿ, ಯಾರದ್ದೋ ಟವೆಲ್ ಹೊದ್ದುಕೊಂಡು.

92ನೇ ವಯಸ್ಸಿನಲ್ಲಿ ಮಾರ್ಗನ್ ಅವರನ್ನು ಲಿಮರಿಕ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರು. ಸಂಶೋಧಕರಲ್ಲಿ ಒಬ್ಬರು ಅವರ ಇನ್ನೊಬ್ಬ ಮೊಮ್ಮಗ! 2,000 ಮೀಟರ್ ಎಳೆಯುವಾಗ ಅಜ್ಜನ ಹೃದಯ ನಿಮಿಷಕ್ಕೆ 153 ಸಲ ಬಡಿಯಿತು. 220ರಲ್ಲಿ ವಯಸ್ಸು ಕಳೆಯುವ ಹಳೇ ಲೆಕ್ಕದ ಪ್ರಕಾರ 128 ದಾಟಬಾರದಿತ್ತು. ಆ ಲೆಕ್ಕ ಅಂದಾಜಿನದು, ನಿಜ. ಆದರೂ 25 ಬಡಿತದ ವ್ಯತ್ಯಾಸ ಸಣ್ಣದಲ್ಲ. ಮೈತೂಕದಲ್ಲಿ ಸುಮಾರು 80% ಸ್ನಾಯು, 15% ಕೊಬ್ಬು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು ಅಳತೆ. ಮೋಟಾರ್ ಸ್ವಿಚ್ ಹಾಕಿದ ತಕ್ಷಣ ಮಹಡಿ ಮೇಲಿನ ಟ್ಯಾಂಕಿಗೆ ನೀರು ಬೀಳುವುದಿಲ್ಲ, ಪೈಪಿನಲ್ಲಿ ಏರಬೇಕು. ಮೈಯೂ ಹಾಗೇ. ಮೆಟ್ಟಿಲು ಹತ್ತಲು ಶುರು ಮಾಡಿದ ಕೂಡಲೇ ಸ್ನಾಯು ಹೆಚ್ಚು ಆಮ್ಲಜನಕ ಕೇಳುತ್ತದೆ. ಶ್ವಾಸಕೋಶ, ಹೃದಯ, ರಕ್ತ ಎಲ್ಲ ಸೇರಿ ಅದನ್ನು ತಲುಪಿಸಲು, ಸ್ನಾಯು ಅದನ್ನು ಬಳಸಲು ಸ್ವಲ್ಪ ಹೊತ್ತು ಬೇಕು. ವಯಸ್ಸಾದಂತೆ ಈ ಹೊತ್ತು ಉದ್ದವಾಗುತ್ತದೆ. ಮೊದಲ ಮಹಡಿಗೇ ಏದುಸಿರು ಬರುವುದಕ್ಕೆ ಇದೂ ಒಂದು ಕಾರಣ. ಮಾರ್ಗನ್ ಅವರಲ್ಲಿ ಈ ಪೂರೈಕೆ ಆರೋಗ್ಯವಂತ ಮೂವತ್ತು, ನಲವತ್ತರವರಷ್ಟೇ ಚುರುಕಾಗಿತ್ತು.

ಅವರು ಮಾಡುತ್ತಿದ್ದುದಾದರೂ ಏನು? ಮನೆ ಹಿಂದಿನ ಶೆಡ್ಡಿನಲ್ಲಿ ದಿನಕ್ಕೆ ಸುಮಾರು 40 ನಿಮಿಷ, ವಾರಕ್ಕೆ 30 ಕಿ.ಮೀ. ರೋಯಿಂಗ್. ಅದರಲ್ಲಿ 70% ಆರಾಮದ ಎಳೆತ, 20% ಸ್ವಲ್ಪ ಕಷ್ಟದ್ದು. ಉಸಿರು ಕಟ್ಟುವಂಥದ್ದು 10% ಮಾತ್ರ. ವಾರಕ್ಕೆ ಎರಡು ಮೂರು ದಿನ ಡಂಬೆಲ್ಸ್, ಸ್ನಾಯು ಸೋಲುವವರೆಗೆ. ಊಟದಲ್ಲಿ ಧಾರಾಳ ಪ್ರೋಟೀನ್. ನಮ್ಮಲ್ಲಿ ಹೊಸದಾಗಿ ಜಿಮ್ ಸೇರಿದವರು ಇದರ ತಿರುವುಮುರುವು ಮಾಡುತ್ತಾರೆ: ಮೊದಲ ವಾರವೇ ಜೀವ ಹೋಗುವಷ್ಟು ದಣಿವು, ಎರಡನೇ ವಾರ ರಜೆ.

ಡಂಬೆಲ್ಸ್ ಯಾಕೆ ಅಂದರೆ, ನಮ್ಮ ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಥಟ್ಟನೆ ಬಲ ಕೊಡುವ ವೇಗದ ಎಳೆ, ದಣಿಯದೆ ತುಂಬಾ ಹೊತ್ತು ದುಡಿಯುವ ನಿಧಾನದ ಎಳೆ. ಮುಪ್ಪಿನಲ್ಲಿ ಜಾಸ್ತಿ ಸೊರಗುವುದು ವೇಗದ್ದು. ಭಾರ ಎತ್ತಿದರೆ ಅವಕ್ಕೆ ಕೆಲಸ ಸಿಗುತ್ತದೆ. ನಿಧಾನದ ಎಳೆಗಳು ಅಷ್ಟು ಬೇಗ ಕೈಕೊಡುವುದಿಲ್ಲ. ನಮ್ಮೂರಿನ ಅಜ್ಜ ಬಸ್ ಹಿಡಿಯಲು ಓಡಲಾರರು, ಆದರೆ ಗದ್ದೆ ಬದುವಿನ ಮೇಲೆ ಗಂಟೆಗಟ್ಟಲೆ ನಡೆಯುತ್ತಾರೆ, ಅಲ್ವಾ? ಜೀವಕೋಶದೊಳಗೆ ಆಹಾರವನ್ನು ಶಕ್ತಿ ಮಾಡುವ ಮೈಟೊಕಾಂಡ್ರಿಯಾಗಳೂ ವಯಸ್ಸಾದ ಮೇಲೆ ಕೆಲಸ ಕೊಟ್ಟರೆ ಹೆಚ್ಚುತ್ತವೆ.

ಆದರೆ ಮಾರ್ಗನ್ ಒಬ್ಬರೇ ಒಬ್ಬರು. ಹುಟ್ಟಿನಿಂದ ಬಂದ ಗಟ್ಟಿತನ ಎಷ್ಟು, ಅಭ್ಯಾಸದ್ದು ಎಷ್ಟು ಅಂತ ಒಬ್ಬರನ್ನು ಅಳೆದು ಬಿಡಿಸಲಾಗದು. ಹಾಗಾಗಿ 1990ರಲ್ಲಿ ಬೋಸ್ಟನ್‌ನಿಂದ ಬಂದ ಒಂದು ಸಣ್ಣ ಅಧ್ಯಯನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದರಲ್ಲಿದ್ದ ಹತ್ತು ಜನ ಚಾಂಪಿಯನ್‌ಗಳಲ್ಲ. ವೃದ್ಧಾಲಯದಲ್ಲಿದ್ದ ದುರ್ಬಲರು, ಸರಾಸರಿ ವಯಸ್ಸು 90. ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174% ಏರಿತು. ಅಭ್ಯಾಸ ನಿಲ್ಲಿಸಿ ಮತ್ತೆ ನೋಡಿದರು. ನಾಲ್ಕೇ ವಾರಕ್ಕೆ ಆ ಬಲದ 32% ಹೋಗಿತ್ತು.